ಇಂದಿನ ಧಮ್ಮ ಚಿಂತನೆ: ಅನುಮಾನ ಮೊದಲು ಯಾರ ಮೇಲೆ ಬೀಳುತ್ತದೆ?



ಇಂದು ಚಿಂತನೆ ಬರೆಯುವ ಸರದಿ ನನ್ನದು. ಯಾವುದಾದರೂ ಒಂದು ಸುತ್ತದ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಈಚೆಗೆ ನಾನು ಮಾಡಿದ ಒಂದು ತಪ್ಪು ಮನಸ್ಸಿನಿಂದ ಹೋಗುತ್ತಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ನನ್ನ ಮನೆ ಬಂಗಾರಪೇಟೆಯಲ್ಲಿ, ಪಾಠ ಮಾಡುವುದು ಕೆಜಿಎಫ್‌ನಲ್ಲಿ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಊರಿನ ನಕ್ಷೆ ಮಾಡುವ ಪ್ರಾಜೆಕ್ಟ್ ಹಿಡಿದಿದ್ದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಈ ಮಕ್ಕಳು ಹುಟ್ಟಿದ್ದೆಲ್ಲ ಆಮೇಲೆ. ಮಾರಿಕುಪ್ಪಂನಿಂದ ಚಾಂಪಿಯನ್ ರೀಫ್ಸ್ ಕಡೆಗೆ ನಡೆದು ಹಳೆಯ ಶಾಫ್ಟ್‌ಗಳು, ಕಾರ್ಮಿಕರ ಲೈನ್ ಮನೆಗಳು, ಸೈನೈಡ್ ದಿಬ್ಬಗಳು ಎಲ್ಲವನ್ನೂ ಗುರುತು ಮಾಡಬೇಕಿತ್ತು. 1956ರ ನಾಗಪುರದ ದೀಕ್ಷೆಗೆ ಎಷ್ಟೋ ದಶಕ ಮೊದಲೇ, ಅಯೋತಿದಾಸ ಪಂಡಿತರ ಕಾಲದಲ್ಲೇ, ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಇತ್ತು. ಅದೂ ನಕ್ಷೆಯಲ್ಲಿ ಬರಲಿ ಎಂಬುದು ನನ್ನ ಆಸೆ.

ಮಕ್ಕಳು ಶಾಲೆಗೆ ಮೊಬೈಲ್ ತರುವಂತಿಲ್ಲ. ಹಾಗಾಗಿ ಪರಿಚಯದವರೊಬ್ಬರಿಂದ ಕೈಯಲ್ಲಿ ಹಿಡಿಯುವ ಹಳೆಯ ಜಿಪಿಎಸ್ ಸಾಧನ ತಂದೆ. ಒಂದು ಜಾಗದಲ್ಲಿ ನಿಂತು ಗುಂಡಿ ಒತ್ತಿದರೆ ಅಲ್ಲಿನ ಅಕ್ಷಾಂಶ, ರೇಖಾಂಶ, ಸಮಯ ಅದರೊಳಗೆ ಉಳಿಯುತ್ತದೆ. ಒಂದು ಶನಿವಾರ ಮಧ್ಯಾಹ್ನ ಮಕ್ಕಳು 41 ಗುರುತು ಹಾಕಿ ಬಂದರು. ದಾರಿಯಲ್ಲಿ ಒಬ್ಬ ಹುಡುಗ ಕಾಲು ಜಾರಿ ಬಿದ್ದ, ಕೈಯಲ್ಲಿದ್ದ ಸಾಧನವೂ ಬಿತ್ತು. ಅದನ್ನು ಅವನೇ ಬಂದು ಹೇಳಿದ.

ಮನೆಗೆ ಬಂದು ಸಾಧನವನ್ನು ನನ್ನ ಹೊಸ ಲ್ಯಾಪ್‌ಟಾಪ್‌ಗೆ ಜೋಡಿಸಿದೆ. ಏನೂ ಬರಲಿಲ್ಲ. ಸಾಧನದ ಪರದೆ ಬೆಳಗಿತು, ಲ್ಯಾಪ್‌ಟಾಪ್ ಮಾತ್ರ ಅದನ್ನು ಗುರುತಿಸಲಿಲ್ಲ. ಬೇರೆ ಪೋರ್ಟ್‌ಗೆ ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ. ರಾತ್ರಿ ಹನ್ನೊಂದಾಯಿತು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದೇ ಸಾಧನ ಸರಿಯಾಗಿ ತೆರೆದುಕೊಂಡಿತ್ತು. ಹಾಗಾದರೆ ನಡುವೆ ಆದದ್ದೇನು? ಹುಡುಗ ಬೀಳಿಸಿದ್ದು. ಅಷ್ಟೇ ನನ್ನ ತರ್ಕ.

ಸೋಮವಾರ ತರಗತಿಯಲ್ಲಿ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ, "ಬೇರೆಯವರ ವಸ್ತು ಹಾಳು ಮಾಡಿದ್ದೀಯ, ಎಲ್ಲರ ಶ್ರಮ ನೀರುಪಾಲು ಮಾಡಿದ್ದೀಯ" ಎಂದೆ. ಅವನು ಮೆಲ್ಲಗೆ, "ಬಿದ್ದಿದ್ದು ನಿಜ ಮಿಸ್. ಆದ್ರೆ ಕೆಟ್ಟಿಲ್ಲ. ಬಿದ್ದ ಮೇಲೂ ಪಾಯಿಂಟ್ ಹಾಕಿದ್ವಿ" ಎಂದ. "ಎದುರು ಮಾತಾಡಬೇಡ" ಎಂದು ಕೂರಿಸಿದೆ.

ಆ ಸಂಜೆ ಬಂಗಾರಪೇಟೆಯಲ್ಲಿ ರೈಲಿಳಿದು ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಸಾಧನವನ್ನು ಮುಟ್ಟುವ ಮೊದಲು ಕೇಬಲ್ ನೋಡಿದ. "ಇದು ಯಾವುದರ ಜೊತೆ ಬಂದಿದ್ದು ಮೇಡಂ?" ಹಳೆಯ ಲ್ಯಾಪ್‌ಟಾಪ್ ಕೊಟ್ಟಾಗ ಸಾಧನದ ಕೇಬಲ್ಲೂ ಅದರ ಚೀಲದಲ್ಲೇ ಹೋಗಿತ್ತು. ಇದು ಮನೆಯಲ್ಲಿ ಟಾರ್ಚ್ ಚಾರ್ಜ್ ಮಾಡುತ್ತಿದ್ದ ಕೇಬಲ್. "ಇದರಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತೆ. ಮಾಹಿತಿ ಹೋಗೋಕೆ ಇನ್ನೂ ಎರಡು ತಂತಿ ಬೇಕು. ಪರದೆ ಹತ್ತುತ್ತೆ, ಆದರೆ ಮಾತು ದಾಟಲ್ಲ" ಎಂದ.

ಬೇರೆ ಕೇಬಲ್ ಹಾಕಿದ. ಈಗ ಲ್ಯಾಪ್‌ಟಾಪ್ ಸದ್ದು ಮಾಡಿತು. ಆದರೂ ಅದರ ಹೆಸರಿನ ಪಕ್ಕ ಹಳದಿ ಗುರುತು. ಆ ಸಾಧನ ಎರಡು ರೀತಿ ಜೋಡಿಸಿಕೊಳ್ಳುತ್ತದಂತೆ. ಒಂದು ರೀತಿಯಲ್ಲಿ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಇನ್ನೊಂದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಡ್ರೈವರ್ ಎಂಬ ಸಾಫ್ಟ್‌ವೇರ್ ಇರಬೇಕು. ಹಳೆಯದರಲ್ಲಿ ಇತ್ತು, ಹೊಸದರಲ್ಲಿ ಇಲ್ಲ. ಸೆಟ್ಟಿಂಗ್ ಬದಲಿಸಿದ, ಫೋಲ್ಡರ್ ತೆರೆಯಿತು. 41 ಗುರುತುಗಳೂ ಇದ್ದವು. ಹುಡುಗ ಬಿದ್ದದ್ದು 28ನೆಯದರ ಹತ್ತಿರ. 29ನೆಯದು ಅವನದೇ ಲೈನ್. ಎದ್ದು ಧೂಳು ಕೊಡವಿಕೊಂಡು ಅವನೇ ಹಾಕಿದ ಗುರುತು.

ಇನ್ನೊಂದು ಮಾತು. ಈ ಪಟ್ಟಿ ಸಾಧನದ ಪರದೆಯ ಮೇಲೆಯೇ ಕಾಣುತ್ತದೆ. ಲ್ಯಾಪ್‌ಟಾಪೇ ಬೇಕಿರಲಿಲ್ಲ. ಅವನು "ಬಿದ್ದ ಮೇಲೂ ಹಾಕಿದ್ವಿ" ಎಂದಾಗ ಎರಡು ಗುಂಡಿ ಒತ್ತಿದ್ದರೆ ಅವನ ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಸಂಕೇತ ಹಿಡಿಯುವ ಸಾಧನ ಹಿಡಿದು ನಿಂತಿದ್ದ ನನಗೆ ಎದುರು ಬೆಂಚಿನ ಮಾತು ಕೇಳಿಸಲಿಲ್ಲ.

ಬಂಧುಗಳೇ, ಇಲ್ಲಿ ನನ್ನ ಪ್ರಶ್ನೆ ಹೀಗಿದೆ. ನಾನು ನಾಲ್ಕನೆಯ ಶೀಲವನ್ನು ಮುರಿದೆನೆ? ಮೋಸ ಮಾಡುವ ಉದ್ದೇಶ ಇರಲಿಲ್ಲ, ನಂಬಿದ್ದನ್ನೇ ಹೇಳಿದೆ, ಹಾಗಾಗಿ ಸುಳ್ಳಲ್ಲ ಎಂದು ವಾದಿಸಬಹುದು. ಆದರೆ ಮಜ್ಝಿಮ ನಿಕಾಯದ ಚಂಕಿ ಸುತ್ತದಲ್ಲಿ ಭಗವಾನರು ಸತ್ಯವನ್ನು ಕಾಪಾಡುವುದೆಂದರೇನು ಎಂದು ವಿವರಿಸುತ್ತಾರೆ. ಅದರ ಸಾರ ಇಷ್ಟು: ನನಗೆ ಹೀಗೆ ಅನಿಸುತ್ತದೆ ಎನ್ನುವವನು ಸತ್ಯವನ್ನು ಕಾಪಾಡುತ್ತಾನೆ. ಅನಿಸಿಕೆಯನ್ನು ಹಿಡಿದು ಇದೊಂದೇ ನಿಜ, ಉಳಿದದ್ದೆಲ್ಲ ಸುಳ್ಳು ಎಂದು ತೀರ್ಮಾನಿಸುವವನು ಕಾಪಾಡುವುದಿಲ್ಲ. "ಬಿದ್ದಿದ್ದರಿಂದ ಕೆಟ್ಟಿರಬಹುದೇ, ನೋಡೋಣ" ಎಂದಿದ್ದರೆ ನಾನು ಸತ್ಯದ ಪಕ್ಕದಲ್ಲಿರುತ್ತಿದ್ದೆ. "ಹಾಳು ಮಾಡಿದ್ದೀಯ" ಎಂದಾಗ ಅದರಿಂದ ದೂರ ಹೋದೆ. ತರಗತಿಯ ಮಕ್ಕಳೆಲ್ಲ ನನ್ನ ಮಾತು ನಂಬಿದರು, ಹೇಳಿದ್ದು ಟೀಚರ್ ಎಂಬ ಒಂದೇ ಕಾರಣಕ್ಕೆ. ಗುರು ಹೇಳಿದರೆಂದು ಮಾತ್ರಕ್ಕೆ ಒಪ್ಪಬೇಡಿ ಎಂದು ಕಾಲಾಮರಿಗೆ ಹೇಳಿದ ಧಮ್ಮವನ್ನೇ ನಾನು ಭಾನುವಾರದ ಸಭೆಗಳಲ್ಲಿ ಓದುತ್ತೇನೆ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಲ್ಯಾಪ್‌ಟಾಪ್ ಮೇಲೆ ನನಗೆ ಅನುಮಾನ ಬರಲಿಲ್ಲ, ಅದರ ಕಂತು ಕಟ್ಟುತ್ತಿರುವವಳು ನಾನು. ಕೇಬಲ್ ಮೇಲೆ ಬರಲಿಲ್ಲ, ಅದು ನನ್ನ ಮನೆಯದು. ಆ ದಿನ ಸಾಧನವನ್ನು ನಮ್ಮ ಸಹೋದ್ಯೋಗಿಯೊಬ್ಬರ ಮಗನೂ ಹಿಡಿದಿದ್ದ, ಅವನನ್ನು ಒಂದು ಮಾತೂ ಕೇಳಲಿಲ್ಲ. ಈ ಹುಡುಗನ ಅಪ್ಪ ಅಮ್ಮ ಇಬ್ಬರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು. "ನನ್ನ ಮಗನನ್ನು ಯಾಕೆ ಬೈದಿರಿ" ಎಂದು ಕೇಳಲು ಶಾಲೆಗೆ ಯಾರೂ ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಅನುಮಾನ ತಗ್ಗಿರುವ ಕಡೆಗೇ ಹರಿಯಿತು.

ಇದು ನಮಗೆ ಗೊತ್ತಿಲ್ಲದ ಸಂಗತಿಯೇ? ಪಾಳಿ ಮುಗಿಸಿ ಮೇಲೆ ಬಂದ ಗಣಿ ಕಾರ್ಮಿಕರನ್ನು ಚಿನ್ನ ಕದ್ದಿದ್ದಾರೇನೋ ಎಂದು ತಡಕಿ ನೋಡುತ್ತಿದ್ದರು. ನಮ್ಮ ತಾತ ಆ ಮಾತು ಬಂದಾಗ ಸುಮ್ಮನಾಗುತ್ತಿದ್ದರು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಾಗ ಇದೇ ಕೆಜಿಎಫ್‌ನಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕೂಲಿಯ ಜೊತೆಗೆ ಮಾನದ ಪ್ರಶ್ನೆಯೂ ಅಲ್ಲಿತ್ತು. ಸಾಕ್ಷಿಯಿಲ್ಲದೆ ಅಪರಾಧಿಯಾಗುವುದು ಏನೆಂದು ತಿಳಿದ ಮನೆತನದಿಂದ ಬಂದವಳು ನಾನು. ಕೈಯಲ್ಲಿ ಸೀಮೆಸುಣ್ಣ ಬಂದ ಮೇಲೆ ನಾನೂ ಅದನ್ನೇ ಮಾಡಿದೆ.

ಮರುದಿನ ತರಗತಿಯಲ್ಲಿ, ಅದೇ ಮಕ್ಕಳ ಮುಂದೆ, ಕೇಬಲ್ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. "ತಪ್ಪು ನನ್ನದು, ಕ್ಷಮಿಸು" ಎಂದೆ. ಎಲ್ಲರ ಮುಂದೆ ಬೈದು ಸ್ಟಾಫ್ ರೂಮಿನಲ್ಲಿ ಗುಟ್ಟಾಗಿ ಕ್ಷಮೆ ಕೇಳುವುದು ನ್ಯಾಯವಲ್ಲ ಎನಿಸಿತು. ಅವನು ನೆಲ ನೋಡುತ್ತಾ "ಪರವಾಗಿಲ್ಲ ಮಿಸ್" ಎಂದ.

ಮುಂದಿನ ಶನಿವಾರ ನಡಿಗೆಗೆ ಹೊರಟಾಗ ಸಾಧನವನ್ನು ಅವನ ಕೈಗೆ ಕೊಡಲು ಹೋದೆ. "ಬೇಡ ಮಿಸ್, ಬೇರೆಯವರು ಹಿಡ್ಕೊಳ್ಳಲಿ" ಎಂದು ಹಿಂದೆ ಸರಿದ. ಅವನು ಮತ್ತೆ ಕೈ ಚಾಚುವವರೆಗೆ ನನ್ನ ಕ್ಷಮೆ ಪೂರ್ತಿಯಾಗಿಲ್ಲ. ಕಾಯುತ್ತಿದ್ದೇನೆ.

ಇಂದಿನ ಅಭ್ಯಾಸ: ಮನೆಯಲ್ಲೋ ಕೆಲಸದಲ್ಲೋ ಏನಾದರೂ ಕೆಟ್ಟಾಗ, ಹೊಳೆಯುವ ಮೊದಲ ಹೆಸರನ್ನು ಬಾಯಿಗೆ ತರಬೇಡಿ. ಆ ಹೆಸರೇ ಯಾಕೆ ಹೊಳೆಯಿತು ಎಂದು ಒಂದು ಕ್ಷಣ ನೋಡಿ. ಆಮೇಲೆ ಅವರ ಮಾತು ಕೇಳಿ.

ನಮೋ ಬುದ್ಧಾಯ. ಜೈ ಭೀಮ್.