ಎಚ್ಚರವೂ ಅಂಜಿಕೆಯೂ

ಮನುಷ್ಯನಿಗೆ ತನ್ನ ಪ್ರಾಣದ ಮೇಲೆ ಎಷ್ಟು ಆಸೆಯಿರಬೇಕು? ಇರಲೇ ಬಾರದು ಎನ್ನುವವರು ವಿರಾಗಿಗಳು. ಆ ಎತ್ತರ ನನಗೆ ನಿಲುಕದು. ಎಷ್ಟಿದ್ದರೂ ಸಾಲದು ಎನ್ನುವವರ ಗುಂಪಿನಲ್ಲಿ ಮಾತ್ರ ನಾನು ಮೂರು ವರ್ಷ ಇದ್ದು ಬಂದಿದ್ದೇನೆ. ಆ ಅನುಭವವನ್ನು ಹೇಳಿಕೊಂಡರೆ ಅದೇ ದಾರಿಯಲ್ಲಿರುವ ಒಬ್ಬಿಬ್ಬರಿಗಾದರೂ ಉಪಯೋಗವಾದೀತು.

ನಮ್ಮ ಕಾಲೇಜಿನಲ್ಲಿ ಒಮ್ಮೆ ಅಧ್ಯಾಪಕರಿಗೆಲ್ಲ ಆರೋಗ್ಯ ತಪಾಸಣೆ ನಡೆಯಿತು. ಹರಟೆ ಹೊಡೆಯುತ್ತ ಸಾಲಿನಲ್ಲಿ ನಿಂತಿದ್ದವನ ತೋಳಿಗೆ ವೈದ್ಯರು ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಮತ್ತೊಮ್ಮೆ ಗಾಳಿ ತುಂಬಿ ನೋಡಿದರು. ೧೬೨/೧೦೪. ನನಗೆ ತಲೆನೋವಿರಲಿಲ್ಲ, ತಲೆಸುತ್ತೂ ಇರಲಿಲ್ಲ. “ಇದು ಹೀಗೆಯೇ, ಮೇಷ್ಟ್ರೇ, ಸದ್ದು ಮಾಡದೆ ಬರುತ್ತದೆ” ಎಂದರು. ಕೆಲವು ದಿನ ಬಿಟ್ಟು ನೋಡಿದಾಗಲೂ ಹೆಚ್ಚೇ ಇತ್ತು. ದಿನಕ್ಕೊಂದು ಮಾತ್ರೆ, ಊಟದಲ್ಲಿ ಉಪ್ಪು ಕಡಿಮೆ, ಸಂಜೆ ನಡಿಗೆ ಎಂದು ವಿಧಿಸಿ, ಬಾಗಿಲ ತನಕ ಬಂದು, “ಚಿಂತೆ ಮಾಡಬೇಡಿ” ಎಂದರು.

ಮಾತ್ರೆ ನುಂಗುವುದು ಸುಲಭ. ಉಪ್ಪಿನ ವಿಷಯ ಹಾಗಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದ ಜನ ನಾವು. ದಿನಕ್ಕೆ ೫ ಗ್ರಾಮಿನೊಳಗೆ ಎಂದರೆ ಒಂದು ಸಣ್ಣ ಚಮಚೆಯೂ ತುಂಬದು. ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಅಷ್ಟರಲ್ಲಿ ಅಡಗಬೇಕು. ಹೇಗೋ ಅದನ್ನೂ ಸಾಧಿಸಿದೆ. ಆದರೆ ‘ಚಿಂತೆ ಮಾಡಬೇಡಿ’ ಎಂಬ ಮದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ? ನಿದ್ದೆ ಬಾರದವನಿಗೆ ನಿದ್ದೆ ಮಾಡು ಎಂದಂತಾಯಿತು ಅದು.

ಮನೆಗೇ ಒಂದು ಯಂತ್ರ ತಂದೆ. ಈ ಅಳತೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು ಇಟಲಿಯ ರೀವ-ರೊಚ್ಚಿ ೧೮೯೬ರಲ್ಲಿ ಪ್ರಕಟಿಸಿದ; ರಕ್ತನಾಳದ ಸದ್ದನ್ನು ಆಲಿಸಿ ಮೇಲಿನ, ಕೆಳಗಿನ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ ೧೯೦೫ರಲ್ಲಿ ತೋರಿಸಿದ. ಆದರೆ ಈ ಅಳತೆಯಲ್ಲಿ ಒಂದು ತಮಾಷೆಯಿದೆ. ತಕ್ಕಡಿಗೆ ಹೆದರಿದರೆ ನಮ್ಮ ತೂಕ ಹೆಚ್ಚುವುದಿಲ್ಲ. ಈ ಪಟ್ಟಿಗೆ ಹೆದರಿದರೆ ಒತ್ತಡ ಹೆಚ್ಚುತ್ತದೆ. ಮನೆಯಲ್ಲಿ ಸರಿಯಾಗಿದ್ದು ವೈದ್ಯರ ಬಿಳಿ ಕೋಟನ್ನು ಕಂಡೊಡನೆ ಏರುವವರು ಇದ್ದಾರೆ. ವೈದ್ಯಶಾಸ್ತ್ರವೇ ಅದಕ್ಕೆ ಬಿಳಿ ಕೋಟಿನ ಹೆಸರಿಟ್ಟಿದೆ. ನನಗೆ ಮನೆಯ ಯಂತ್ರವೇ ಬಿಳಿ ಕೋಟಾಯಿತು. ೧೪೮ ಕಂಡರೆ ಗಾಬರಿ. ಗಾಬರಿಯಲ್ಲಿ ಮತ್ತೆ ನೋಡಿದರೆ ೧೫೬. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುನ್ನ, ಕೆಲವೊಮ್ಮೆ ನಡುರಾತ್ರಿಯಲ್ಲೂ ಎದ್ದು ನೋಡುತ್ತಿದ್ದೆ. ಚಿಂತೆಯಿಂದ ಆಗುವ ಏರಿಕೆ ಬಹುಮಟ್ಟಿಗೆ ಆ ಹೊತ್ತಿನದು, ನೆಲೆಯಾಗಿ ನಿಲ್ಲುವ ಒತ್ತಡಕ್ಕೆ ವಂಶ, ವಯಸ್ಸು, ಉಪ್ಪು, ಮೈತೂಕ ಹೀಗೆ ಬೇರೆ ಕಾರಣಗಳೂ ಉಂಟು ಎಂದು ವೈದ್ಯರು ತಿಳಿಸಿ ಹೇಳಿದರು. ಬುದ್ಧಿ ಒಪ್ಪಿತು; ಎದೆ ಒಪ್ಪಲಿಲ್ಲ.

ಕ್ರಮೇಣ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತನಾಡತೊಡಗಿದರು. ಅದು ನನ್ನ ಮೇಲಿನ ಪ್ರೀತಿಯೆಂದುಕೊಂಡೆ. ಪ್ರೀತಿಯೂ ಹೌದು. ಆದರೆ ಕಳೆದ ಬೇಸಗೆಯಲ್ಲಿ ಒಂದು ದಿನ, ಏನೋ ಪುಸ್ತಕ ಹುಡುಕುತ್ತಿದ್ದಾಗ, ಮಗಳ ಪುಸ್ತಕದ ನಡುವೆ ಪೂರಕ ಪರೀಕ್ಷೆಯ ಶುಲ್ಕದ ರಸೀತಿ ಸಿಕ್ಕಿತು. ಮೊದಲ ಪಿ.ಯು.ಸಿ.ಯ ಗಣಿತದಲ್ಲಿ ಅವಳು ನಪಾಸಾಗಿ ಮೂರು ವಾರವಾಗಿತ್ತು. ಪಾಸಾಯಿತೇನಮ್ಮ ಎಂದು ನಾನು ಕೇಳಿದಾಗ, “ಆಯಿತು ಅಪ್ಪ” ಎಂದು ನಗುತ್ತಲೇ ಹೇಳಿದ್ದಳು.

ನನಗೆ ಸಿಟ್ಟು ಬಂತು. ಹೆಂಡತಿ ಮಾತ್ರ ಸಿಟ್ಟಾಗಲಿಲ್ಲ. “ನಾನೇ ಹೇಳಬೇಡವೆಂದೆ. ಹೇಳಿದ್ದರೆ ನೀವು ಆ ಪಟ್ಟಿ ಸುತ್ತಿಕೊಂಡು ಕೂತುಬಿಡುತ್ತಿದ್ದಿರಿ. ನಾನು ಯಾರನ್ನು ಸಮಾಧಾನ ಮಾಡಲಿ, ಅವಳನ್ನೋ ನಿಮ್ಮನ್ನೋ?” ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವಾರ ನನ್ನ ಮಗಳು ಪಕ್ಕದ ಕೋಣೆಯಲ್ಲಿ ಒಬ್ಬಳೇ ಅತ್ತಿರಬೇಕು. ನಾನು ಈಚೆಯ ಕೋಣೆಯಲ್ಲಿ ನನ್ನ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ನನ್ನ ಭಯಕ್ಕೆ ಕಂದಾಯ ಕಟ್ಟುತ್ತಿದ್ದವರು ಅವರು.

ಹಾಗಾದರೆ ಪ್ರಾಣದ ಪರಿವೆಯೇ ಇಲ್ಲದೆ ಬದುಕುವುದು ಸರಿಯೆ? ಅದೂ ಅಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರನ್ನು ೧೯೪೪ರ ಮಾರ್ಚಿಯಲ್ಲಿ ಹೃದಯತಜ್ಞರೊಬ್ಬರು ಪರೀಕ್ಷಿಸಿದಾಗ ಒತ್ತಡ ೧೮೬/೧೦೮ ಇತ್ತು. ಏನು ರೋಗವೆಂದು ಅವರು ಕೇಳಲಿಲ್ಲ. ತಜ್ಞರು ತಾವಾಗಿ ಹೇಳಲಿಲ್ಲ. ೧೯೪೫ರ ಏಪ್ರಿಲ್ ೧೨ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಆ ಕಾಲಕ್ಕೆ ಈ ರೋಗಕ್ಕೆ ಹೇಳಿಕೊಳ್ಳುವಂಥ ಮದ್ದೂ ಇರಲಿಲ್ಲ. ನಮ್ಮ ದೇಶದ ಸರ್ಪಗಂಧದ ಬೇರಿನ ಗುಣವನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ೧೯೪೯ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬರೆದ ಮೇಲೆ ಹೊರಜಗತ್ತು ಅತ್ತ ಕಣ್ಣು ಹಾಯಿಸಿತು. ಆಮೇಲೆ ಇನ್ನೂ ಒಳ್ಳೆಯ ಮದ್ದುಗಳು ಬಂದವು. ಮದ್ದಿರುವ ಈ ಕಾಲದಲ್ಲಿ ಮಾತ್ರೆಯನ್ನು ತಪ್ಪಿಸುವವನು ಧೈರ್ಯಶಾಲಿಯಲ್ಲ. ನಾಳೆ ತನ್ನನ್ನು ಎತ್ತಿ ಕೂರಿಸಬೇಕಾದವರನ್ನು ಮರೆತವನು.

ಎಚ್ಚರಕ್ಕೂ ಅಂಜಿಕೆಗೂ ಇರುವ ಭೇದ ಇದೇ ಎಂದು ನನಗೆ ತೋರುತ್ತದೆ. ಎಚ್ಚರವು ನನ್ನನ್ನು ನನ್ನವರಿಗಾಗಿ ಉಳಿಸುತ್ತದೆ. ಅಂಜಿಕೆಯು ನನ್ನವರನ್ನೆಲ್ಲ ನನ್ನ ಚಾಕರಿಗೆ ನಿಲ್ಲಿಸುತ್ತದೆ. ಎಚ್ಚರಕ್ಕೆ ದಿನದಲ್ಲಿ ಸ್ವಲ್ಪ ಹೊತ್ತು ಸಾಕು. ಅಂಜಿಕೆಗೆ ದಿನವಿಡೀ ಕೊಟ್ಟರೂ ಸಾಲದು. ಅಂಜಿಕೆ ಬೇಡವೆಂದರೆ ಹೋಗುವುದಿಲ್ಲ, ನಿಜ. ಅದೇ ಒಂದು ರೋಗವಾಗಿ ಕಾಡಿದರೆ ಅದಕ್ಕೂ ವೈದ್ಯರ ಬಳಿ ಹೋಗಬೇಕು. ನಾನೂ ಹೋದೆ, ನಾಚಿಕೆಪಡಲಿಲ್ಲ. ಈಗ ಮಾತ್ರೆ ತಪ್ಪುವುದಿಲ್ಲ; ಯಂತ್ರ ವೈದ್ಯರು ಹೇಳಿದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತದೆ.

ಆ ದಿನ ರಸೀತಿಯನ್ನು ಹಿಡಿದುಕೊಂಡೇ ಮಗಳ ಕೋಣೆಗೆ ಹೋದೆ. ನನ್ನನ್ನು ನೋಡಿದವಳು ಮೊದಲು ಕೇಳಿದ್ದು, “ಅಪ್ಪ, ನಿಮಗೆ ಏನೂ ಆಗಿಲ್ಲ ತಾನೆ?” ಎಂದು. ಆಮೇಲೆ ಅತ್ತಳು. ಕನ್ನಡದ ಮೇಷ್ಟರಿಗೆ ಗಣಿತ ಏನು ಗೊತ್ತು? ಸುಮ್ಮನೆ ಪಕ್ಕದಲ್ಲಿ ಕುಳಿತೆ. ಆ ರಾತ್ರಿ ಪಟ್ಟಿ ಸುತ್ತಿಕೊಂಡು ನೋಡಲಿಲ್ಲ. ಏರಿತ್ತೋ ಏನೋ. ಮಗಳು ಅಳುವಾಗ ಅಪ್ಪನ ಒತ್ತಡ ಸ್ವಲ್ಪ ಏರಬೇಕಾದದ್ದೇ.