ಹಾಳೆಯ ಮೂಲೆ ಮುಚ್ಚಿದ ಜಾಗ

ಮಗಳು ಹುಟ್ಟಿದ ಮೂರನೆಯ ದಿನ ಕಾಮಾಲೆ ಏರಿತೆಂದು ಅವಳನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆ ಬೆಳಕು ಕಣ್ಣಿಗೆ ಬೀಳಬಾರದು. ಆಸ್ಪತ್ರೆಯ ಕಣ್ಣುಪಟ್ಟಿ ಅವಳ ತಲೆಗೆ ದೊಡ್ಡದು. ಮಿಸುಕಿದರೆ ಸಾಕು, ಜಾರಿ ಮೂಗಿನ ಮೇಲೆ ಇಳಿಯುತ್ತಿತ್ತು. ರಾತ್ರಿ ಪಾಳಿಯ ಸಿಸ್ಟರ್ ಎರಡು ಸಲ ಸರಿಮಾಡಿದರು. ಮೂರನೆಯ ಸಲ ನನ್ನಿಂದ ಮಗುವಿನ ಹೊಸ ಕಾಲುಚೀಲ ಕೇಳಿ ಪಡೆದು, ಅದರ ಎಲಾಸ್ಟಿಕ್ ಕತ್ತರಿಸಿ ಪಟ್ಟಿಗೆ ಹೊಲಿದರು. ಮತ್ತೆ ಜಾರಲಿಲ್ಲ. "ರೌಂಡ್ಸ್‌ಗೆ ಮೊದಲು ತೆಗೆದುಬಿಡ್ತೀನಿ ಮೇಡಂ, ಯಾರಿಗೂ ಹೇಳಬೇಡಿ" ಎಂದರು.

ತೆಗೆಯುವುದು ಮರೆತುಹೋಯಿತು. "ಇದನ್ನ ಯಾರು ಮಾಡಿದ್ದು?" ಡಾಕ್ಟರ್ ಕೇಳಿದರು. ಸಿಸ್ಟರ್ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ರಾತ್ರಿಯೆಲ್ಲ ಪಟ್ಟಿ ಜಾರಲಿಲ್ಲ ಎಂಬ ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮಗು ಅವರ ಕೈಯಲ್ಲಿದೆ, ಡಾಕ್ಟರನ್ನು ಎದುರುಹಾಕಿಕೊಳ್ಳುವುದೇಕೆ ಎಂದುಕೊಂಡೆ.

ಆ ನೀಲಿ ಬೆಳಕಿನ ಹಿಂದೆಯೂ ಒಬ್ಬ ನರ್ಸ್ ಇದ್ದಾರೆಂದು ಓದಿ ತಿಳಿದದ್ದು ಆಮೇಲೆ. ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳನ್ನು ನೋಡಿಕೊಳ್ಳುತ್ತಿದ್ದ ಜೀನ್ ವಾರ್ಡ್. ಇನ್‌ಕ್ಯುಬೇಟರಿನ ಸೆಕೆಗಿಂತ ಗಾಳಿ ಬಿಸಿಲು ಒಳ್ಳೆಯದೆಂದು ನಂಬಿ, ಅವರು ಕೂಸುಗಳನ್ನು ಅಂಗಳಕ್ಕೆ ಒಯ್ದು, ವೈದ್ಯರು ಬರುವಷ್ಟರಲ್ಲಿ ಒಳಗೆ ತರುತ್ತಿದ್ದರಂತೆ. 1956ರ ಬೇಸಿಗೆಯ ಒಂದು ದಿನ ಅಳುಕುತ್ತಲೇ ಒಂದು ಮಗುವಿನ ಬಟ್ಟೆ ಬಿಚ್ಚಿ ವೈದ್ಯರಿಗೆ ತೋರಿಸಿದರು. ಮೈಯೆಲ್ಲ ತಿಳಿಹಳದಿ, ಒಂದು ತ್ರಿಕೋನದಷ್ಟು ಚರ್ಮ ಮಾತ್ರ ಗಾಢ ಹಳದಿ. ಏನು ಬಳಿದಿರಿ, ಅಯೋಡಿನ್ನೇ ಎಂದು ವೈದ್ಯರು ಕೇಳಿದರು. ಹಾಳೆಯ ಮೂಲೆ ಮುಚ್ಚಿದ್ದ ಜಾಗವದು, ಉಳಿದ ಕಡೆ ಬಿಸಿಲಿಗೆ ಹಳದಿ ಇಳಿದಿದೆ ಎಂದರು ವಾರ್ಡ್. ವಿಷಯ ಅಲ್ಲಿಗೇ ನಿಂತಿತು. ಕೆಲವು ವಾರಗಳ ನಂತರ ಕಿಟಕಿಯ ಬಿಸಿಲಲ್ಲಿ ಉಳಿದುಬಿಟ್ಟಿದ್ದ ರಕ್ತದ ನಳಿಕೆಯಲ್ಲೂ ಬಿಲಿರುಬಿನ್ ಇಳಿದಿದ್ದು ಕಂಡಮೇಲೆಯೇ ಎಲ್ಲರಿಗೂ ನಂಬಿಕೆ ಬಂದದ್ದು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ಅವರ ಹೆಸರಿಲ್ಲ.

ಈಗ ನರ್ಸುಗಳ ಇಂಥ ಗುಣಕ್ಕೆ ಆಡಳಿತಶಾಸ್ತ್ರ ಒಂದು ಹೆಸರಿಟ್ಟಿದೆ: ಮಾನಸಿಕ ಬಂಡವಾಳ. ಫ್ರೆಡ್ ಲೂಥಾನ್ಸ್ ಮತ್ತು ಅವರ ಸಂಗಡಿಗರ ಪ್ರಕಾರ ಅದರಲ್ಲಿ ನಾಲ್ಕು ಅಂಶ: ಭರವಸೆ, ನನ್ನಿಂದಾಗುತ್ತದೆಂಬ ನಂಬಿಕೆ, ಬಿದ್ದರೂ ಏಳುವ ಗಟ್ಟಿತನ, ಆಶಾವಾದ. ಇವು ಹೆಚ್ಚಿದ್ದವರು ಕೆಲಸದಲ್ಲಿ ಹೊಸದನ್ನು ಹುಡುಕುತ್ತಾರೆ ಎನ್ನುತ್ತಾರೆ. ಇರಬಹುದು. ಆದರೆ ಬಂಡವಾಳ ಎಂಬ ಮಾತೇ ನನಗೆ ಸ್ವಲ್ಪ ಇರುಸುಮುರುಸು. ಹಾಕುವವರು ಒಬ್ಬರು, ಲಾಭ ಎಣಿಸುವವರು ಇನ್ನೊಬ್ಬರು.

ಜೀನ್ ವಾರ್ಡ್ ಅವರಲ್ಲಿ ಈ ನಾಲ್ಕೂ ಇದ್ದಿರಬೇಕು. ಆದರೂ ಅಳುಕಿದರು. ಗಾಜಿನ ನಳಿಕೆಗೆ ಸಿಕ್ಕ ಕಿವಿ ಅವರ ಮಾತಿಗೆ ಸಿಗಲಿಲ್ಲ. ಹೀಗಿರುವಾಗ ಧೈರ್ಯ ಸಾಲದೆಂದು ನರ್ಸಿಗೆ ತರಬೇತಿ ಕೊಡುವುದು ನ್ಯಾಯವೇ? ಹೇಳುವವರ ಧೈರ್ಯ ಅರ್ಧ ಕೇಳುವವರ ಕೈಯಲ್ಲಿರುತ್ತದಲ್ಲ.

ಡಾಕ್ಟರದ್ದು ತಪ್ಪೆಂದು ನಾನು ಹೇಳಲಾರೆ. ತೊಳೆಯದ ಕಾಲುಚೀಲ, ನವಜಾತ ಶಿಶು; ಸೋಂಕು ತಗುಲಿದ್ದರೆ ಉತ್ತರ ಹೇಳಬೇಕಾದವರು ಅವರೇ. ಯಾರು ಮಾಡಿದ್ದು ಎಂದವರು ಏಕೆ ಮಾಡಿದ್ದು ಎಂದೂ ಕೇಳಿದ್ದರೆ ಸಾಕಿತ್ತು. ಅವರು ಕೇಳದಿದ್ದರೂ ಉತ್ತರ ನನಗೆ ಗೊತ್ತಿತ್ತು. ಕೆಲಸ ಹೋಗುವ ಭಯವಿದ್ದದ್ದು ಸಿಸ್ಟರಿಗೆ, ನನಗಲ್ಲ. ಬಿಲ್ಲು ಕಟ್ಟುತ್ತಿದ್ದವಳು ನಾನು.

ಡಾಕ್ಟರ್ ಎಲಾಸ್ಟಿಕ್ ಕಿತ್ತು ಟ್ರೇಗೆ ಹಾಕಿ ಮುಂದಿನ ತೊಟ್ಟಿಲಿಗೆ ಹೋದರು. ಆ ರಾತ್ರಿ ಬೇರೆ ಸಿಸ್ಟರ್ ಬಂದರು. ಪಟ್ಟಿ ಮತ್ತೆ ಜಾರತೊಡಗಿತು. ಬೆಳಗಾಗುವವರೆಗೆ ಅದನ್ನು ಎತ್ತಿ ಎತ್ತಿ ಕೂರಿಸುತ್ತ ನಾನೇ ಎಚ್ಚರವಿದ್ದೆ.