ಮರಳಿನಲ್ಲಿ ಅಕ್ಷರ ತಿದ್ದಿದ ಮಿಶನರಿ



ದೇವಸೇವಕನ ವಾರದಲ್ಲಿ ನಮ್ಮ ಕಣ್ಣಿಗೆ ಬೀಳುವದು ಆದಿತ್ಯವಾರವೊಂದೇ. ಮಿಕ್ಕ ಆರು ದಿನ ಅವನು ಯಾರೊಂದಿಗೆ ಕುಳಿತನೆಂದು ವಿಚಾರಿಸುವವರು ಕಡಿಮೆ.

1706ನೆಯ ಇಸವಿ ಜುಲೈ 9ರಂದು ಜೀಗೆನ್‌ಬಾಲ್ಗನೆಂಬ ಜರ್ಮನ್ ಯೌವನಸ್ಥನು ತಮಿಳು ಸೀಮೆಯ ತರಂಗಂಬಾಡಿಯಲ್ಲಿ ಹಡಗಿನಿಂದಿಳಿದನು. ಮರುದಿನ ಅವನಿಗೆ ಇಪ್ಪತ್ತನಾಲ್ಕು ವರುಷ ತುಂಬಿತು. ಡೆನ್ಮಾರ್ಕಿನ ಅರಸನೇ ಕಳುಹಿಸಿದ್ದರೂ ಅಲ್ಲಿಯ ಡೇನರ ಅಧಿಕಾರಿಗಳು ಅವನನ್ನು ಆದರಿಸಲಿಲ್ಲ. ಜನರ ಭಾಷೆಯೋ ಅವನಿಗೆ ಬಾರದು. ಬೋಧಿಸಲು ಬಂದವನು ಏನು ಮಾಡಿದನು? ಊರಿನ ಉಪಾಧ್ಯಾಯನ ಶಾಲೆಯನ್ನು ತನ್ನ ಮನೆಗೇ ಕರಸಿಕೊಂಡು, ಎಳೆಯ ಮಕ್ಕಳ ನಡುವೆ ನೆಲದ ಮೇಲೆ ಕುಳಿತು, ಅವರಂತೆಯೇ ಬೆರಳಿನಿಂದ ಮರಳಿನಲ್ಲಿ ತಮಿಳು ಅಕ್ಷರಗಳನ್ನು ತಿದ್ದಿದನು. ಅವನ ವಾರದ ದಿನಗಳು ಹೀಗೆ ಆರಂಭವಾದವು. ದೇವಾಲಯದಲ್ಲಿ ಬೋಧಕರ ಮಧ್ಯದಲ್ಲಿ ಕುಳಿತು, ಕೇಳುತ್ತಾ ಪ್ರಶ್ನೆಮಾಡುತ್ತಾ ಇದ್ದ ಹನ್ನೆರಡು ವರುಷದ ಬಾಲಕನನ್ನು ನೆನಸಿಕೊಳ್ಳಿರಿ. ಕಲಿಯಬಂದವನಿಗೆ ಬಡವನು ಮನೆಯ ಬಾಗಿಲು ತೆರೆಯುವನು. ಯಜಮಾನನಾಗಿ ಬಂದವನಿಗೆ ಅಂಗಳವಷ್ಟೇ ಸಿಕ್ಕೀತು.

1707ರ ಮೇ ತಿಂಗಳಲ್ಲಿ ಅಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದ ಐವರು ಡೇನರ ಮನೆಗಳ ಗುಲಾಮರು.

ಅನ್ಯೋನ್ಯತೆಯೆಂದರೆ ಕೂಡಿ ಕುಳಿತು ಹಾಡುವದಷ್ಟೇ ಎಂದು ನಮ್ಮಲ್ಲಿ ಅನೇಕರು ಎಣಿಸುವದುಂಟು. ಅದಕ್ಕೆ ಬೆಲೆಯೂ ಉಂಟು. 1708ರಲ್ಲಿ ಕ್ಷೌರಿಕನೊಬ್ಬನ ಬಡ ವಿಧವೆಗೆ ಸಾಲದ ವ್ಯಾಜ್ಯ ಬಂದಾಗ ಇವನು ಅವಳ ಪಕ್ಷವಾಗಿ ಮಾತಾಡಿದನು. ಅದರಿಂದ ಹುಟ್ಟಿದ ಕಲಹದಲ್ಲಿ ಕೋಟೆಯ ಅಧಿಪತಿಯು ಅವನನ್ನು ನಾಲ್ಕು ತಿಂಗಳು ಸೆರೆಯಲ್ಲಿಟ್ಟನು. ಸೆರೆಗೆ ಮುಂಚೆ ಅವನು ತಮಿಳಿನಲ್ಲಿ ಹೊಸ ಒಡಂಬಡಿಕೆಯನ್ನು ಬರೆಯತೊಡಗಿದ್ದನು. ಬಿಡುಗಡೆಯಾದ ಮೇಲೆ ಅದನ್ನೇ ಮುಂದುವರಿಸಿ 1711ರಲ್ಲಿ ಮುಗಿಸಿದನು.